ಬದುಕಿಗೆ ಹೂಂ ಅನ್ನುವ ಪುಸ್ತಕ: ಜರತುಷ್ಟ್ರನೋ, ಚಕ್ರವರ್ತಿಯೋ, ಕಗ್ಗವೋ, ವಚನವೋ?

“ಸರ, ಜೀವನದ ಮ್ಯಾಲ ಒಂದು ಖರೇ ಪುಸ್ತಕ ಹೇಳ್ರಿ. ಹತ್ತು ಸೂತ್ರ, ಇಪ್ಪತ್ತು ಸೂತ್ರ ಅನ್ನೋವು ಬ್ಯಾಡ್ರಿ.” ಕಲಬುರಗಿಯಲ್ಲಿ ವಾರಕ್ಕೊಮ್ಮೆ ಸಂಜೆ ಕೂತು ಓದುವ ನಮ್ಮ ಸಣ್ಣ ಗುಂಪಿನ ಸುದ್ದಿ ಗೊತ್ತಿದ್ದವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಕೇಳುವವರು ಏನೂ ಗೊತ್ತಿಲ್ಲದೆ ಬಂದಿರುವುದಿಲ್ಲ. ‘ಜರತುಷ್ಟ್ರ’ ಬರೆದ ಜರ್ಮನ್ ತತ್ವಜ್ಞಾನಿ ನೀತ್ಸೆಯ ಮಾತು ಅಂತ ಯಾರೋ ಹರಿಬಿಟ್ಟ ನಾಲ್ಕು ಸಾಲು ಅವರ ಮೊಬೈಲಿನಲ್ಲಿರುತ್ತವೆ. ರೋಮನ್ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ಹೆಸರು ಯಾವುದೋ ಪಾಡ್‌ಕಾಸ್ಟಿನಲ್ಲಿ ಕಿವಿಗೆ ಬಿದ್ದಿರುತ್ತದೆ. ಯಾರದೋ ನಿವೃತ್ತಿ ಸಮಾರಂಭದಲ್ಲಿ ಕೈಗೆ ಬಂದ ‘ಮಂಕುತಿಮ್ಮನ ಕಗ್ಗ’ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕಪಾಟಿನಲ್ಲಿ ಕೂತಿರುತ್ತದೆ. ವಚನಗಳಂತೂ ನಮ್ಮ ಕಡೆ ಶಾಲೆಯ ಗೋಡೆಯ ಮೇಲೂ ಇವೆ, ಲಗ್ನಪತ್ರಿಕೆಯ ಮೇಲೂ ಇವೆ. ಇವುಗಳಲ್ಲಿ ಮೊದಲು ಯಾವುದನ್ನು ಹಿಡಿಯಬೇಕು ಅನ್ನುವುದೇ ತಕರಾರು.

ನನ್ನ ಅಳತೆಗೋಲುಗಳನ್ನು ಮೊದಲು ಹೇಳಿಬಿಡುತ್ತೇನೆ. ಒಪ್ಪದಿದ್ದವರು ಮುಂದಿನ ಲೆಕ್ಕವನ್ನು ತಾವೇ ಬೇರೆ ಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ನೋಡುವುದು, ಆ ಪುಸ್ತಕ ಕಷ್ಟವನ್ನು ಎಷ್ಟು ಹತ್ತಿರ ಹೋಗಿ ನೋಡಿದೆ ಅನ್ನುವುದನ್ನು. ಎಲ್ಲ ಚೆಂದ ಇದೆ ಎಂದು ಮೊದಲ ಪುಟದಲ್ಲೇ ಹೇಳಿ ಮುಗಿಸುವ ಪುಸ್ತಕ ಮನೆಯಲ್ಲಿ ಒಂದು ಸಾವಾದ ದಿನ ಉಪಯೋಗಕ್ಕೆ ಬರುವುದಿಲ್ಲ. ಸಾವು, ರೋಗ, ಸಾಲ, ಅವಮಾನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ಆಮೇಲೆ ಬದುಕಿಗೆ ಹೂಂ ಅಂದಿದೆಯೋ? ಅರ್ಧದಷ್ಟು ಅಂಕ ಇದಕ್ಕೇ. ಎರಡನೆಯದು, ತುಣುಕು ತುಣುಕಾಗಿ ಓದಲು ಬರುತ್ತದೋ ಇಲ್ಲವೋ. ಡ್ಯೂಟಿ ಮುಗಿಸಿ ಬಂದು ಹತ್ತು ನಿಮಿಷ ಓದುವವರಿಗೂ, ರಜೆಯಲ್ಲಿ ಮೂರು ತಾಸು ಕೂರುವವರಿಗೂ ಒಂದೇ ಪುಸ್ತಕ ಹೇಳಿದರೆ ಒಬ್ಬರಿಗೆ ಅನ್ಯಾಯ. ಮೂರನೆಯದು ಭಾಷೆ. ಇದರಲ್ಲಿ ಇಂಗ್ಲಿಷಿನಷ್ಟೇ ನಮ್ಮ ಹಳೆಯ ಕನ್ನಡವೂ ಬಂತು. ಒಬ್ಬರೇ ಓದಿದರೆ ದಕ್ಕುತ್ತದೋ, ಜೊತೆಗೆ ಒಂದು ವ್ಯಾಖ್ಯಾನವೋ ನಾಲ್ಕು ಜನವೋ ಬೇಕೋ ಅನ್ನುವುದು ಆಮೇಲಿನ ಮಾತು. ದುಡ್ಡನ್ನು ಕಡೆಗಿಟ್ಟಿದ್ದೇನೆ. ಇವುಗಳಲ್ಲಿ ಮೂರನ್ನು ಬಿಡಿಗಾಸಿಲ್ಲದೆ ಓದಬಹುದು, ನಾಲ್ಕನೆಯದಕ್ಕೆ ಗ್ರಂಥಾಲಯವಿದೆ.

ಜರತುಷ್ಟ್ರನಿಂದ ಶುರು ಮಾಡೋಣ. ಅತಿ ಹೆಚ್ಚು ಜನ ಕೇಳುವುದೂ, ಅತಿ ಹೆಚ್ಚು ಜನ ನಡುವೆ ಕೈಬಿಡುವುದೂ ಅದನ್ನೇ.

ಫ್ರೆಡ್ರಿಕ್ ನೀತ್ಸೆ 1844ರಲ್ಲಿ ಜರ್ಮನಿಯ ಒಂದು ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದವನು. 24ನೇ ವಯಸ್ಸಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ತಲೆ ಸೀಳುವ ನೋವು, ವಾಂತಿ, ಮಂಜಾಗುತ್ತಿದ್ದ ಕಣ್ಣು ಬೆನ್ನುಹತ್ತಿ 1879ರಲ್ಲಿ ನೌಕರಿ ಬಿಟ್ಟ. ಆಮೇಲಿನ ಹತ್ತು ವರ್ಷ ಸಣ್ಣ ಪಿಂಚಣಿಯ ಮೇಲೆ, ಬಾಡಿಗೆ ಕೋಣೆಗಳಲ್ಲಿ, ಬಹುಮಟ್ಟಿಗೆ ಒಬ್ಬಂಟಿ. 1883ರಿಂದ 1885ರ ನಡುವೆ ‘ದಸ್ ಸ್ಪೋಕ್ ಜರತುಷ್ಟ್ರ’ದ ನಾಲ್ಕು ಭಾಗ ಬಂದವು. ನಾಲ್ಕನೆಯದನ್ನು ಪ್ರಕಾಶಕರು ಸಿಗದೆ ಸ್ವಂತ ಖರ್ಚಿನಲ್ಲಿ ಕೆಲವೇ ಪ್ರತಿ ಅಚ್ಚು ಹಾಕಿಸಿದ. 1889ರ ಜನವರಿಯಲ್ಲಿ ಟ್ಯೂರಿನ್‌ನಲ್ಲಿ ಬುದ್ಧಿ ಕಳೆದುಕೊಂಡು, 1900ರಲ್ಲಿ ತೀರಿಕೊಳ್ಳುವವರೆಗೆ ತಾಯಿಯ, ಆಮೇಲೆ ತಂಗಿಯ ಆರೈಕೆಯಲ್ಲಿದ್ದ. ಬದುಕನ್ನು ಹೊಗಳಿದವನು ಸುಖದಲ್ಲಿ ಕೂತು ಹೊಗಳಲಿಲ್ಲ. ನನ್ನ ಮೊದಲ ಅಳತೆಯಲ್ಲಿ ಅವನಿಗೆ ತುಂಬು ಅಂಕ.

ಪುಸ್ತಕ ಒಂದು ಕತೆಯ ಹಾಗೆ ಶುರುವಾಗುತ್ತದೆ. ಮೂವತ್ತನೇ ವಯಸ್ಸಿಗೆ ಜರತುಷ್ಟ್ರ ಬೆಟ್ಟ ಹತ್ತುತ್ತಾನೆ, ಹತ್ತು ವರ್ಷ ಗುಹೆಯಲ್ಲಿದ್ದು ಇಳಿದು ಬರುತ್ತಾನೆ. ಊರ ಸಂತೆಯಲ್ಲಿ ಹಗ್ಗದ ಮೇಲೆ ನಡೆಯುವವನ ಆಟ ನೋಡಲು ಜನ ಸೇರಿದ್ದಾರೆ. ಇವನು ಅವರ ಮುಂದೆ ಭಾಷಣ ಶುರು ಮಾಡುತ್ತಾನೆ: ಭೂಮಿಗೆ ನಿಷ್ಠರಾಗಿರಿ, ಪರಲೋಕದ ಆಸೆ ಹಚ್ಚುವವರನ್ನು ನಂಬಬೇಡಿ. ಜನ ನಗುತ್ತಾರೆ. ಅಷ್ಟರಲ್ಲಿ ಹಗ್ಗದವನು ಮೇಲಿಂದ ಬೀಳುತ್ತಾನೆ. ಸಾಯುತ್ತಿರುವವನ ಪಕ್ಕ ಕೂತು ಜರತುಷ್ಟ್ರ ಸಮಾಧಾನದ ಮಾತಾಡುತ್ತಾನೆ, ಅಪಾಯವನ್ನೇ ಕಸುಬು ಮಾಡಿಕೊಂಡವನು ನೀನು, ನನ್ನ ಕೈಯಾರೆ ನಿನ್ನನ್ನು ಮಣ್ಣು ಮಾಡುತ್ತೇನೆ ಅನ್ನುತ್ತಾನೆ. ಆಮೇಲೆ ಹೆಣವನ್ನು ಹೆಗಲ ಮೇಲೆ ಹೊತ್ತು ಊರು ಬಿಡುತ್ತಾನೆ. ಈ ಪೀಠಿಕೆ ಗುಂಪಿನಲ್ಲಿ ಜೋರಾಗಿ ಓದಿದರೆ ಯಾರಿಗೂ ಬೇಸರ ಆಗಲಿಲ್ಲ.

ಬೇಸರ ಶುರುವಾಗುವುದು ಅದರಾಚೆ. ಇಡೀ ಪುಸ್ತಕ ಬೈಬಲ್ಲಿನ ಧಾಟಿಯನ್ನು ಅಣಕಿಸುತ್ತಾ ಹೋಗುತ್ತದೆ. ಬೈಬಲ್ ಓದಿರದ ನಮ್ಮಂಥವರಿಗೆ ಅರ್ಧ ಚುಚ್ಚುಮಾತು ತಾಗುವುದೇ ಇಲ್ಲ. ಹೆಂಗಸರ ಬಗ್ಗೆ ಅವನು ಬರೆದದ್ದರಲ್ಲಿ ಕೆಲವು ಸಾಲು ಕೆಟ್ಟವು, ಸಂದರ್ಭ ಬೇರೆ ಇತ್ತು ಅಂತ ತೇಪೆ ಹಚ್ಚುವುದರಲ್ಲಿ ನನಗೆ ಆಸಕ್ತಿಯಿಲ್ಲ. ಮತ್ತೆ ಅಹಂಕಾರ! ಒಂದೊಂದು ಕಡೆ ಮೈಕು ಬಿಟ್ಟುಕೊಡದ ಭಾಷಣಕಾರನ ಮುಂದೆ ಸಿಕ್ಕಿಬಿದ್ದ ಅನುಭವ.

ಆದ್ದರಿಂದ ಮೊದಲ ಸಲ ಇದನ್ನು ಸಾಲಾಗಿ ಓದಬೇಡಿ. ಪೀಠಿಕೆ ಓದಿ, ಅದರ ಬೆನ್ನಿಗೇ ಬರುವ ಒಂಟೆ, ಸಿಂಹ, ಮಗುವಿನ ಅಧ್ಯಾಯ ಓದಿ. ಎರಡು ಮೂರು ಪುಟವಷ್ಟೇ. ಭಾರ ಹೊರುವ ಮನಸ್ಸು ಒಂಟೆ, ಒಲ್ಲೆ ಅನ್ನುವುದು ಸಿಂಹ, ಆಟದಂತೆ ಹೊಸದಾಗಿ ಶುರು ಮಾಡುವುದು ಮಗು. ಅಲ್ಲಿಂದ ಮೂರನೇ ಭಾಗಕ್ಕೆ ಹಾರಿ, ಕಾಣ್ಕೆ ಮತ್ತು ಒಗಟಿನ ಅಧ್ಯಾಯ ಹಿಡಿಯಿರಿ. ಅಲ್ಲೊಬ್ಬ ಕುರುಬ ಹುಡುಗ ಗಂಟಲಿಗೆ ಕಪ್ಪು ಹಾವು ಹೊಕ್ಕು ಒದ್ದಾಡುತ್ತಿರುತ್ತಾನೆ. ಕೈಯಿಂದ ಎಷ್ಟು ಎಳೆದರೂ ಬರುವುದಿಲ್ಲ. ಕಚ್ಚು, ತಲೆ ಕಚ್ಚಿ ಉಗುಳು ಎಂದು ಜರತುಷ್ಟ್ರ ಕೂಗುತ್ತಾನೆ. ಹುಡುಗ ಕಚ್ಚಿ ಉಗುಳಿ ಎದ್ದು ನಿಂತು ನಗುತ್ತಾನೆ, ಮನುಷ್ಯರು ಯಾರೂ ನಕ್ಕಿರದ ನಗು. ಇದು ಹಿಡಿಸಿದರೆ ಹಿಂದಕ್ಕೆ ಹೋಗಿ ಉಳಿದದ್ದು ಓದಿ. ಹಿಡಿಸದಿದ್ದರೆ ಜರತುಷ್ಟ್ರನ ಸಹವಾಸ ನಿಮಗೆ ಆಗಿಬರುವುದಿಲ್ಲ, ಅದಕ್ಕೆ ಬೇಜಾರು ಬೇಡ.

ನನ್ನ ಕೇಳಿದರೆ ನೀತ್ಸೆಗೆ ಇನ್ನೂ ಒಳ್ಳೆಯ ಬಾಗಿಲೊಂದಿದೆ. 1882ರ ‘ದಿ ಗೇ ಸೈನ್ಸ್’ನಲ್ಲಿ 341ನೇ ತುಣುಕು, ಒಂದು ಪುಟವೂ ಇಲ್ಲ. ನಿನ್ನ ಒಂಟಿತನದ ನಟ್ಟನಡುವೆ ಒಂದು ಭೂತ ಬಂದು ಹೇಳುತ್ತದೆ: ಈ ಬದುಕನ್ನು ಹೇಗೆ ಬಾಳಿದೆಯೋ ಹಾಗೇ, ಅದೇ ನೋವು ಅದೇ ನಲಿವು, ಅದೇ ಅನುಕ್ರಮದಲ್ಲಿ, ಈ ಜೇಡ, ಮರಗಳ ನಡುವಿನ ಈ ಬೆಳದಿಂಗಳು ಸಮೇತ, ಲೆಕ್ಕವಿಲ್ಲದಷ್ಟು ಸಲ ಮತ್ತೆ ಬಾಳಬೇಕು. ನೀನು ಹಲ್ಲು ಕಡಿದು ಶಪಿಸುತ್ತೀಯೋ, ಇದಕ್ಕಿಂತ ದೈವಿಕ ಮಾತು ಕೇಳಿಯೇ ಇಲ್ಲ ಅನ್ನುತ್ತೀಯೋ? ನಾವು ಇದನ್ನು ಓದಿದ್ದು ಮೇ ತಿಂಗಳಲ್ಲಿ, ಕರೆಂಟ್ ಹೋಗಿತ್ತು. ಒಬ್ಬರು ನಕ್ಕು, “ಈ ಧಗೀನೂ ಮತ್ತ ಬರ್ಬೇಕೇನ್ರಿ?” ಅಂದರು. ಗುಂಪಿನ ಇನ್ನೊಬ್ಬ ಹೆಣ್ಣುಮಗಳು ನಗಲಿಲ್ಲ. “ನಮ್ಮವ್ವ ಹೋದ ದಿನಾನೂ ಬರ್ಬೇಕಾ? ಹಂಗಿದ್ರ ನಮ್ಮವ್ವನೂ ಬರ್ತಾಳಲ್ರಿ” ಅಂದರು. ಆ ಸಂಜೆ ಮುಂದೆ ಓದಲಾಗಲಿಲ್ಲ. ಒಂದು ಪುಟಕ್ಕೆ ಇಷ್ಟು ಬಲ ಇರುವ ಪುಸ್ತಕ ಈ ಪಟ್ಟಿಯಲ್ಲಿ ಬೇರೆ ಇಲ್ಲ.

ಪ್ರತಿಗಳ ಮಾತು. ಜರತುಷ್ಟ್ರನಿಗೆ ಇಂಗ್ಲಿಷಿನಲ್ಲಿ ಥಾಮಸ್ ಕಾಮನ್‌ನ ಹಳೆಯ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಅದರ ಇಂಗ್ಲಿಷು ಬೇಕೆಂದೇ ಪುರಾತನ ಮಾಡಿದ್ದು, ದಾರಿ ಇನ್ನಷ್ಟು ಕಲ್ಲುಮುಳ್ಳಾಗುತ್ತದೆ. ದುಡ್ಡು ಕೊಡುವುದಾದರೆ ವಾಲ್ಟರ್ ಕಾಫ್ಮನ್ ಅಥವಾ ಹಾಲಿಂಗ್‌ಡೇಲ್ ಅನುವಾದ ಕೊಳ್ಳಿ. ‘ದಿ ವಿಲ್ ಟು ಪವರ್’ ಮಾತ್ರ ಮೊದಲು ಕೊಳ್ಳಲೇಬೇಡಿ. ಅದು ಅವನು ಮುಗಿಸಿ ಕೊಟ್ಟ ಪುಸ್ತಕವಲ್ಲ, ಟಿಪ್ಪಣಿಗಳನ್ನು ಆರಿಸಿ ತಂಗಿ ಎಲಿಜಬೆತ್‌ಳ ಮೇಲುಸ್ತುವಾರಿಯಲ್ಲಿ ಜೋಡಿಸಿದ್ದು. ಅವನ ಹೆಸರು ಮುಂದೆ ನಾಜಿಗಳ ಬಾಯಿಗೆ ಸಿಕ್ಕಿದ್ದರಲ್ಲಿ ಆಕೆಯ ಪಾಲು ದೊಡ್ಡದು.

ಮಾರ್ಕಸ್ ಆರೇಲಿಯಸ್‌ನ ‘ಮೆಡಿಟೇಷನ್ಸ್’ ಇದಕ್ಕೆ ಪೂರಾ ಉಲ್ಟಾ. ಭಾಷಣವಿಲ್ಲ, ಕೇಳುವವರಿಲ್ಲ. 161ರಿಂದ 180ರವರೆಗೆ ರೋಮ್ ಆಳಿದವನು, ಡ್ಯಾನ್ಯೂಬ್ ನದಿಯ ಕಡೆಯ ಯುದ್ಧದ ಬಿಡಾರಗಳಲ್ಲಿ, ಸಾಮ್ರಾಜ್ಯದ ತುಂಬ ಸಾಂಕ್ರಾಮಿಕ ಹಬ್ಬಿದ್ದಾಗ, ತನಗೆ ತಾನೇ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಟಿಪ್ಪಣಿಗಳು. ಹನ್ನೆರಡು ಸಣ್ಣ ಅಧ್ಯಾಯ. ಐದನೆಯದು ಶುರುವಾಗುವುದೇ ಬೆಳಗ್ಗೆ ಹಾಸಿಗೆ ಬಿಟ್ಟು ಏಳಲಾಗದ ಸಂಕಟದಿಂದ: ಮನುಷ್ಯನ ಕೆಲಸಕ್ಕೆ ಏಳುತ್ತಿದ್ದೇನೆ, ಹೊದಿಕೆಯೊಳಗೆ ಬೆಚ್ಚಗಿರಲು ಹುಟ್ಟಿದೆನೇ? ಚಕ್ರವರ್ತಿಗೂ ಇದೇ ಪಾಡು ಅಂತ ತಿಳಿದರೆ ಪರೀಕ್ಷೆಗೆ ಓದುವ ಹುಡುಗರಿಗೆ ತುಸು ಸಮಾಧಾನ ಆಗುತ್ತದೆ.

ಅನುಕೂಲ ಬಹಳ. ಎಲ್ಲಿ ಬೇಕಾದರೂ ತೆರೆದು ಐದು ನಿಮಿಷ ಓದಬಹುದು. ಗ್ರೆಗರಿ ಹೇಸ್‌ನ 2002ರ ಅನುವಾದ ಪಿಯುಸಿ ಇಂಗ್ಲಿಷಿಗೆ ದಕ್ಕುತ್ತದೆ, ಜಾರ್ಜ್ ಲಾಂಗ್‌ನ 1862ರದು ಪುಕ್ಕಟೆ. ಆದರೆ ಬದುಕಿಗೆ ಹೂಂ ಅನ್ನುವ ಪುಸ್ತಕ ಇದೇನಾ ಅಂತ ಕೇಳಿದರೆ ನನ್ನದು ಅರೆಮನಸ್ಸಿನ ಉತ್ತರ. ತಟ್ಟೆಯಲ್ಲಿರುವುದು ಸತ್ತ ಮೀನು, ಸತ್ತ ಹಂದಿ; ಮದ್ಯ ಎಂದರೆ ದ್ರಾಕ್ಷಿಯ ರಸ; ಮೈಮೇಲಿನ ರಾಜವಸ್ತ್ರ ಚಿಪ್ಪುಮೀನಿನ ರಕ್ತದಲ್ಲಿ ಅದ್ದಿದ ಕುರಿಯ ಉಣ್ಣೆ ಎಂದು ಆರನೇ ಅಧ್ಯಾಯದಲ್ಲಿ ತನಗೆ ತಾನೇ ನೆನಪಿಸಿಕೊಳ್ಳುತ್ತಾನೆ. ಆಸೆ ಇಳಿಸಲು ಒಳ್ಳೆಯ ಔಷಧ. ಆದರೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಂಡು ಉಣ್ಣುವವರಿಗೆ ಹೇಳುವ ಮಾತಲ್ಲ. ಅವನು ಬದುಕನ್ನು ತಾಳಿಕೊಳ್ಳುವುದನ್ನು ಕಲಿಸುತ್ತಾನೆ, ಸವಿಯುವುದನ್ನು ಅಷ್ಟಾಗಿ ಕಲಿಸುವುದಿಲ್ಲ.

ಕಗ್ಗಕ್ಕೆ ಬಂದರೆ ಇಂಗ್ಲಿಷಿನ ಗೋಡೆ ಬಿತ್ತು, ಇನ್ನೊಂದು ಗೋಡೆ ಎದ್ದಿತು. ಡಿ.ವಿ.ಜಿ. 1943ರಲ್ಲಿ ಪ್ರಕಟಿಸಿದ 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ಕನ್ನಡವೇ ಆದರೂ ಹಳಗನ್ನಡದ ರೂಪಗಳು, ಸಂಸ್ಕೃತದ ಸಮಾಸಗಳು, ಹಳೆ ಮೈಸೂರಿನ ಗತ್ತು. “ಇದು ನಮ್ಮ ಕಡೀ ಕನ್ನಡ ಅಲ್ಲೇಳ್ರಿ” ಅಂತ ನಮ್ಮವರು ಪುಸ್ತಕ ಮುಚ್ಚಿದ್ದನ್ನು ನೋಡಿದ್ದೇನೆ. ಅವರ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಮೂಲವಷ್ಟೇ ಇರುವ ತೆಳು ಪ್ರತಿ ಅಗ್ಗ ಅಂತ ಕೊಳ್ಳಬೇಡಿ. ಸ್ವಲ್ಪ ಹೆಚ್ಚು ಕೊಟ್ಟು ತಾತ್ಪರ್ಯ ಇರುವುದನ್ನೇ ತನ್ನಿ. ಗುರುರಾಜ ಕರಜಗಿಯವರು ‘ಬೆರಗಿನ ಬೆಳಕು’ ಅಂಕಣದಲ್ಲಿ ಪದ್ಯಪದ್ಯಕ್ಕೂ ಬರೆದ ವಿವರಣೆ ಅನೇಕರಿಗೆ ಕೈಹಿಡಿದು ನಡೆಸಿದೆ, ಕತೆಗಳ ಆಸೆ ಇರುವವರಿಗೆ ಅದು ಸರಿ.

ಕಗ್ಗದ ಮೇಲೆ ನನ್ನ ಗುಂಪಿನ ಕಿರಿಯರ ದೂರು ಬೇರೆ. ಅದು ವಿಧಿಗೆ ತಲೆಬಾಗಿಸುತ್ತದೆ ಅನ್ನುತ್ತಾರೆ. ಬದುಕು ಜಟಕಾಬಂಡಿ, ವಿಧಿ ಅದರ ಸಾಹೇಬ, ಕುದುರೆ ನೀನು, ಮದುವೆಗೋ ಮಸಣಕೋ ಹೋಗೆಂದ ಕಡೆ ಓಡು. ಇದರಲ್ಲಿ ಧೈರ್ಯ ಎಲ್ಲಿದೆ? ದೂರು ಸುಳ್ಳಲ್ಲ. ಆದರೆ ಆ ಪದ್ಯದ ಕೊನೆಯ ಸಾಲು “ಪದಕುಸಿಯೆ ನೆಲವಿಹುದು”. ಕಾಲು ಸೋತು ಬಿದ್ದರೆ ಬೀಳಲು ನೆಲವಾದರೂ ಇದೆ. ನೀತ್ಸೆ ಭೂಮಿಗೆ ನಿಷ್ಠರಾಗಿ ಎಂದು ಬೆಟ್ಟದ ಮೇಲಿಂದ ಬಂದು ಸಾರಿದ. ಡಿ.ವಿ.ಜಿ. ಮುಗ್ಗರಿಸಿದ ಕುದುರೆಗೆ ಅದೇ ಭೂಮಿಯನ್ನು ತೋರಿಸುತ್ತಾರೆ. ಇಪ್ಪತ್ತೈದರ ಹುಡುಗನಿಗೆ ಮೊದಲನೆಯದು ಹಿಡಿಸುತ್ತದೆ, ಐವತ್ತು ದಾಟಿದವರಿಗೆ ಎರಡನೆಯದರ ಬೆಲೆ ಗೊತ್ತು. ಹೆಂಡತಿಯನ್ನು ಬೇಗನೆ ಕಳೆದುಕೊಂಡು ಉಳಿದ ಆಯುಷ್ಯವನ್ನು ಬರಹಕ್ಕೂ ಸಾರ್ವಜನಿಕ ಕೆಲಸಕ್ಕೂ ಕೊಟ್ಟವರ ಪುಸ್ತಕವಿದು. ದುಃಖದ ಮನೆಗೆ ಕೊಡಲು ಇದಕ್ಕಿಂತ ಸರಿಯಾದದ್ದು ನನಗೆ ಹೊಳೆಯುವುದಿಲ್ಲ.

ಇನ್ನು ವಚನ. ಬೀದರ್-ಕಲಬುರಗಿಯವರಿಗೆ ಇದು ಮನೆಯಂಗಳದ್ದು, ತೊಂದರೆಯೂ ಅದೇ. ಎಲ್.ಕೆ.ಜಿ.ಯಿಂದ ಬಾಯಿಪಾಠ ಮಾಡಿದ್ದು, ಬಸವ ಜಯಂತಿಯ ಬ್ಯಾನರಿನಲ್ಲಿ ನೋಡಿದ್ದು, ಎಲ್ಲ ರಾಜಕಾರಣಿಗಳ ಬಾಯಲ್ಲಿ ಕೇಳಿದ್ದು. ಕಿವಿ ಜಡ್ಡುಗಟ್ಟಿದೆ. ನೀತ್ಸೆ ಹೊಸಬನಾದ್ದರಿಂದ ನಾವು ನೆಟ್ಟಗೆ ಕೂತು ಕೇಳುತ್ತೇವೆ, ಬಸವಣ್ಣನಿಗೆ ತಲೆಯಾಡಿಸಿ ಮುಂದೆ ಹೋಗುತ್ತೇವೆ.

ಒಂದು ಸಲ ಮೊದಲ ಬಾರಿ ನೋಡುವವರಂತೆ ಇದನ್ನು ಓದಿ: “ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ, ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ, ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲರಯ್ಯಾ ಕೂಡಲಸಂಗಮದೇವಾ.” ನಾಣ್ಯ ಅಚ್ಚಾಗುವುದು ಇಲ್ಲಿ, ಈ ಲೋಕದ ಟಂಕಸಾಲೆಯಲ್ಲಿ. ಜರತುಷ್ಟ್ರ ಸಂತೆಯಲ್ಲಿ ನಿಂತು ಹೇಳಿದ್ದಕ್ಕೆ ಇದು ತೀರಾ ಹತ್ತಿರ, ಒಂದು ದೊಡ್ಡ ಭೇದ ಬಿಟ್ಟು. ನೀತ್ಸೆ ದೇವರು ಸತ್ತ ಎಂದು ಹೇಳಿ ಭೂಮಿಯನ್ನು ಎತ್ತಿ ಹಿಡಿಯುತ್ತಾನೆ. ಬಸವಣ್ಣ ದೇವರನ್ನು ಕರೆದು ಸಾಕ್ಷಿ ನಿಲ್ಲಿಸಿಯೇ ಭೂಮಿಯನ್ನು ಎತ್ತಿ ಹಿಡಿಯುತ್ತಾನೆ. ದೇವರ ಮಾತು ಬಂದರೆ ಪುಸ್ತಕ ಮುಚ್ಚುವವರಿಗೆ, ದೇವರಿಲ್ಲದಿದ್ದರೆ ಪುಸ್ತಕ ತೆರೆಯದವರಿಗೆ ಆಯ್ಕೆ ಇಲ್ಲೇ ಮುಗಿಯಿತು.

ಕಷ್ಟದ ಪರೀಕ್ಷೆಯಲ್ಲಿ ವಚನ ಯಾರಿಗೂ ಕಡಿಮೆಯಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು, ಶರಣರು ದಿಕ್ಕಾಪಾಲಾದರು ಎಂದು ಪರಂಪರೆ ಹೇಳುತ್ತದೆ. ಆ ನೆರಳನ್ನು ನೆನಪಿಟ್ಟು ಓದಿದರೆ ಬ್ಯಾನರಿನ ಸಾಲುಗಳೇ ಬೇರೆಯಾಗಿ ಕೇಳುತ್ತವೆ. ಬಸವಕಲ್ಯಾಣ ನಮಗೆ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ತ್ರಿಪುರಾಂತ ಕೆರೆಯ ಕಡೆ, ಅಕ್ಕನಾಗಮ್ಮನ ಗವಿಯ ಕಡೆ ಪುಸ್ತಕ ಕೈಯಲ್ಲಿ ಹಿಡಿದು ಒಂದು ದಿನ ಹೋಗಿಬರುವುದು ಈ ಪಟ್ಟಿಯ ಉಳಿದ ಮೂರಕ್ಕೆ ಇಲ್ಲದ ಸವಲತ್ತು.

ಎಲ್ಲಿಂದ ಶುರು? ಸರ್ಕಾರ ತಂದ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳದ್ದು, ಗ್ರಂಥಾಲಯದ ಸರಕು. ಪುಕ್ಕಟೆ ಬೇಕೆಂದರೆ ‘ವಚನ ಸಂಚಯ’ ಜಾಲತಾಣದಲ್ಲಿ ಹೆಸರು ಹಿಡಿದು, ಪದ ಹಿಡಿದು ಹುಡುಕಬಹುದು. ಅಲ್ಲಮನಿಂದ ಶುರು ಮಾಡಬೇಡಿ, ಅವನ ಬೆಡಗಿಗೆ, ಅಂದರೆ ಒಗಟಿನಂಥ ಮಾತಿಗೆ, ಬಲ್ಲವರ ಜೊತೆ ಬೇಕು. ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ನಿಮಗೆ ಗೊತ್ತಿದ್ದದ್ದೇ. ಸಂತೆಯೊಳಗೊಂದು ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಎಂಬಲ್ಲಿ ನಿಂತು ನೋಡಿ. ಆಮೇಲೆ ಆಯ್ದಕ್ಕಿ ದಂಪತಿಗಳನ್ನು ಹಿಡಿಯಿರಿ. ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮುಖಕ್ಕೆ ಹೊಡೆದಂತೆ ಕೇಳಿದಳು: “ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.” ತಂದಲ್ಲೇ ಸುರಿದು ಬಾ ಅಂದಳು. ಬದುಕಿಗೆ ಹೂಂ ಅನ್ನುವುದೆಂದರೆ ಸಿಕ್ಕಿದ್ದೆಲ್ಲ ಬಾಚಿಕೊಳ್ಳುವುದು ಅಂತ ಅರ್ಥ ಮಾಡಿಕೊಳ್ಳುವವರ ಮುಂದೆ ಈ ಹೆಣ್ಣುಮಗಳನ್ನು ನಿಲ್ಲಿಸಬೇಕು.

ಹಾಗಾದರೆ ಯಾರು ಯಾವುದನ್ನು ತರಬೇಕು? ನೌಕರಿ ಪರೀಕ್ಷೆಗೆ ಕೂತ ವರ್ಷ ‘ಮೆಡಿಟೇಷನ್ಸ್’ ಸಾಕು, ಬೆಳಗ್ಗೆ ಒಂದು ಪುಟ. ಜರತುಷ್ಟ್ರನನ್ನು ಆ ವರ್ಷ ಮುಟ್ಟಬೇಡಿ. ಒಂದೋ ಸಿಲೆಬಸ್ ಬಿಡುತ್ತೀರಿ, ಇಲ್ಲ ಅವನನ್ನು ಬಿಡುತ್ತೀರಿ. ರಾತ್ರಿ ಪಾಳಿಯಲ್ಲಿ ಮೊಬೈಲಿನಲ್ಲೇ ಓದುವವರಿಗೆ ವಚನ. ಮನೆಯಲ್ಲಿ ಸಾವಾಗಿ ವರ್ಷ ತುಂಬಿಲ್ಲವೆಂದರೆ ತಾತ್ಪರ್ಯ ಇರುವ ಕಗ್ಗ, ದಿನಕ್ಕೆರಡು ಪದ್ಯ. ಆ ಹೊತ್ತಿನಲ್ಲಿ ನೀತ್ಸೆಯ ಭೂತದ ಪ್ರಶ್ನೆ ಕ್ರೂರವಾದೀತು. ಗುಡಿ ಮಠ ಮಸೀದಿ ಎಲ್ಲದರ ಮೇಲೂ ಸಿಟ್ಟು ಬಂದಿರುವ ಡಿಗ್ರಿ ಹುಡುಗ ಹುಡುಗಿಯರಿಗೆ ‘ದಿ ಗೇ ಸೈನ್ಸ್’ನ ನಾಲ್ಕನೇ ಭಾಗ, ಅದಾದ ಮೇಲೆ ಜರತುಷ್ಟ್ರ, ಆದರೆ ವಾದ ಮಾಡುವ ಒಬ್ಬ ಗೆಳೆಯನಾದರೂ ಜೊತೆಗಿರಲಿ, ಒಬ್ಬರೇ ಓದಿದವರು ಬೇಗನೆ ತಾವೇ ಜರತುಷ್ಟ್ರ ಅಂದುಕೊಳ್ಳುತ್ತಾರೆ. ಇದ್ಯಾವುದೂ ಗೊತ್ತಾಗದು, ಒಂದೇ ಹೇಳಿ ಅನ್ನುವವರಿಗೆ ನನ್ನ ಉತ್ತರ ವಚನ, ಅದರ ಪಕ್ಕದಲ್ಲಿ ಆ 341ನೇ ತುಣುಕಿನ ಒಂದು ಜೆರಾಕ್ಸ್.

ಓದುವುದೇ ಆಗುವುದಿಲ್ಲ ಅನ್ನುವವರೂ ಕೇಳುತ್ತಾರೆ, ಕಣ್ಣಿನ ಪೊರೆ ಬಂದ ಹಿರಿಯರು, ಅಕ್ಷರ ಕಲಿಯದ ತಾಯಂದಿರು. ಅವರಿಗೆ ಕಡಕೋಳ ಮಡಿವಾಳಪ್ಪನ ತತ್ವಪದ ಇದೆ, ಅವನ ಶಿಷ್ಯ ಚೆನ್ನೂರು ಜಲಾಲ ಸಾಹೇಬನದೂ ಇದೆ. ಇವನ್ನು ಪುಸ್ತಕದಲ್ಲಿ ಹುಡುಕಬೇಕಿಲ್ಲ. ಅಮಾವಾಸ್ಯೆಯ ರಾತ್ರಿ ನಿಮ್ಮೂರಲ್ಲೋ ಪಕ್ಕದೂರಲ್ಲೋ ಭಜನೆ ಎಲ್ಲಿ ನಡೆಯುತ್ತದೆ ಅಂತ ವಿಚಾರಿಸಿ, ಊಟ ಮುಗಿಸಿಯೇ ಹೋಗಿ. ಶುರುವಾಗುವುದು ತಡ, ಮುಗಿಯುವುದು ಇನ್ನೂ ತಡ.